ಅಡ್ಡಗೆರೆಯಿಲ್ಲದ ಎ

ದುರ್ಗಿಗುಡಿಯ ಮೂರನೇ ತಿರುವಿನಲ್ಲಿ ನನ್ನಂಗಡಿ:
ಝೆರಾಕ್ಸು, ಲ್ಯಾಮಿನೇಷನ್ನು, ಒಡೆದ ಡಿಸ್‌ಪ್ಲೇ.
ಗುತ್ಯಪ್ಪನವರು ಬಂದದ್ದು ಬುಧವಾರ.
ಟಿಫಿನ್ ಡಬ್ಬಿಯ ಮುಚ್ಚಳ ತೆಗೆದರೆ ಅಕ್ಕಿ,
ಅಕ್ಕಿಯೊಳಗೆ ಹೂತಿಟ್ಟ ಅಂಗೈ ಕಂಪ್ಯೂಟರು.
ನೆಂದದ್ದಲ್ಲ ಸರ್ ಇದು, ಸತ್ತದ್ದು, ಅಂದೆ.
"ಗೊತ್ತು ಫರ್ಜಾನ. ಯಾರೋ ಹೇಳಿದರು, ಹೂತೆ.
ಅಕ್ಕಿಗೇನು ನಷ್ಟ?"

ಅದರ ಬೆನ್ನು ಬೆಲ್ಲದ ಹಾಗೆ ಅಂಟುತ್ತಿತ್ತು.
ಉಣುಗು ಹತ್ತದಿರಲೆಂದು ಕೈಕಾಲಿಗೆ ಬಳಿಯುತ್ತಿದ್ದ ಎಣ್ಣೆ
ಪ್ಲಾಸ್ಟಿಕ್ಕನ್ನೂ ತಿನ್ನುತ್ತದಂತೆ.
ಮಂಗನ ಕಾಯಿಲೆಯ ಡ್ಯೂಟಿ. ಹದಿನೆಂಟು ಹಳ್ಳಿ, ಒಂದು ಬೈಕು,
ಮೇಲಿನವರು ಕೊಟ್ಟ ಈ 'ಪಾಮು'.
ಸತ್ತ ಮುಸಿಯ ಎಲ್ಲಿ ಬಿದ್ದಿದೆ, ಯಾವತ್ತು ಕಂಡಿತು,
ಮಾದರಿ ಹೋಯಿತೋ ಇಲ್ಲವೋ,
ಎಲ್ಲ ಕಡ್ಡಿಯಲ್ಲಿ ಗೀಚಬೇಕು.
ಎರಡು ವರ್ಷ ನಡೆಯಿತು. ಆಮೇಲೆ ಮತ್ತೆ ಕಾಗದ.

ಬ್ಯಾಟರಿ ಉಬ್ಬಿತ್ತು. ಬಿಡಿಸಿ ಮರಳಿನ ಬಕೆಟ್ಟಿಗೆ ಹಾಕಿದೆ.
ನೆತ್ತಿಯ ಸೀಳಿನಲ್ಲಿ ಅಂಚೆಚೀಟಿಯಷ್ಟು ಕಾರ್ಡು,
ಅದರಲ್ಲಿ ಎಲ್ಲದರ ನಕಲು.

ನನ್ನ ಬೀಗದ ಗೊಂಚಲಿನಲ್ಲೊಂದು ಪೆನ್‌ಡ್ರೈವಿದೆ.
ಹಳೆ ಯಂತ್ರಗಳು ಅದರೊಳಗೆ ಮೈಯಿಲ್ಲದೆ ಇವೆ.
ಎಲ್ಲಿ ಚುಚ್ಚಿದರೂ ಅಲ್ಲೇ ಎದ್ದು ಕೂರುತ್ತವೆ,
ಕಿತ್ತರೆ ಗುರುತು ಉಳಿಯುವುದಿಲ್ಲ:
ನೆಂಟರ ಮನೆಗೆ ತಮ್ಮ ಚಾಪೆ ತಾವೇ ತಂದು ಮಲಗಿ
ಬೆಳಗಾಗುವ ಮೊದಲೇ ಸುತ್ತಿಕೊಂಡು ಹೊರಡುವವರ ಹಾಗೆ.

ಯಾರೋ ರಿಪೇರಿಗೆ ಬಿಟ್ಟು ಮರೆತ ಟ್ಯಾಬಿಗೆ ಚುಚ್ಚಿದೆ.
ಪಾಚಿಬಣ್ಣದ ಚೌಕ ಬೆಳಗಿತು.
ಅದರ ಲೆಕ್ಕದಲ್ಲಿ ಇವತ್ತು
ಸಾವಿರದ ಒಂಬೈನೂರ ನಾಲ್ಕು, ಜನವರಿ ಒಂದು.
"ನಮ್ಮಪ್ಪನೂ ಹುಟ್ಟಿರಲಿಲ್ಲ" ಅಂತ ನಕ್ಕರು.

ಜೇಬಿನಿಂದ ಅದೇ ಹಳೆ ಕಡ್ಡಿ ತೆಗೆದು ಬರೆದರು.
ಏನೂ ಮೂಡಲಿಲ್ಲ.
ಹೊಸ ಗಾಜಿಗೆ ಕಡ್ಡಿ ತಿಳಿಯಲ್ಲ ಸರ್, ಚರ್ಮವೇ ಬೇಕು.
ತೋರುಬೆರಳಿಟ್ಟರು.
ಎ ಅಂದರೆ ಸೂರು: ಏರು, ಇಳಿ, ಅಷ್ಟೇ, ಅಡ್ಡಗೆರೆಯಿಲ್ಲ.
ಟಿ ಅಂದರೆ ಗೋಡೆಯ ಮೂಲೆ.
ಎಲ್ಲ ಒಂದೇ ಎಳೆತ. ನಡುವೆ ಕೈ ಎತ್ತಿದರೆ
ಬೇರೆ ಅಕ್ಷರ ಅಂದುಕೊಳ್ಳುತ್ತಿತ್ತಂತೆ.
ಕನ್ನಡ ಬರುತ್ತಿರಲಿಲ್ಲ ಅದಕ್ಕೆ;
ಮುಸಿಯವೂ ಇಂಗ್ಲಿಷಿನಲ್ಲೇ ಸಾಯಬೇಕಿತ್ತು.
"ಬ್ಯಾಂಕಿನವರು ಎರಡು ಸಲ ಚೆಕ್ಕು ವಾಪಸ್ ಮಾಡಿದ್ರು,
ಸಹಿ ಕೂಡಲ್ಲ ಅಂತ.
ನನ್ನ ಎ-ಗೆ ಅಡ್ಡಗೆರೆ ಹೋದದ್ದು
ಮತ್ತೆ ಬರಲೇ ಇಲ್ಲ."

ಹುಡುಕಿದ್ದು ಒಂದೇ ಊರು: ಸೊಪ್ಪಿನಕಾನು.
ಬೆರಳು ನಿಂತಿತು.
ಮುಸಿಯ, ಒಂದು. ಒರತೆಯ ಹತ್ತಿರ. ಎರಡನೇ ಶನಿವಾರ.
ಮಾದರಿ ಕಳಿಸಿದೆ: ಚೌಕ ಖಾಲಿ.

ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು. ಹತ್ತುತ್ತಿರಲಿಲ್ಲ.

"ಆಫೀಸು ರಜೆ. ಸೋಮವಾರದ ಹೊತ್ತಿಗೆ ಹುಳ ಬಿದ್ದಿತ್ತು,
ಅಂಥದ್ದನ್ನ ಲ್ಯಾಬಿನವರು ತಗೊಳ್ಳಲ್ಲ.
ಟಿಕ್ ಹಾಕಿದ್ದೆನೇನೋ ಅಂತ
ಇಷ್ಟು ವರ್ಷ ಅರ್ಧ ನಂಬಿದ್ದೆ."
ತಡೆದು, "ದ್ಯಾವಮ್ಮ ಅಂತ.
ಸೊಪ್ಪು ತರಲಿಕ್ಕೆ ಅದೇ ಒರತೆಯ ದಾರಿ ಅವಳಿಗೆ."
ಮುಂದಿನದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬೆರಳು ಚೌಕದ ಮೇಲೆ ಬಂತು. ಒತ್ತಿತು.
ಟಿಕ್ ಬಿತ್ತು, ಅಷ್ಟು ಸಲೀಸಾಗಿ.
ಇಬ್ಬರೂ ನೋಡುತ್ತ ಕೂತೆವು,
ಎಲ್ಲ ಸರಿಯಾಗಿ ತುಂಬಿದ ಆ ಫಾರಮ್ಮನ್ನು.

ಮುಚ್ಚಲು ಹೋದಾಗ ಎಮ್ಯುಲೇಟರ್ ಕೇಳಿತು,
ಎಲ್ಲರನ್ನೂ ಕೇಳುವುದನ್ನೇ:
ಬದಲಾವಣೆ ಉಳಿಸಲೇ?
"ಉಳಿಸಿದರೆ?"
ಈ ನಕಲಿನಲ್ಲಿ ಇರ್ತದೆ ಸರ್. ಕಾರ್ಡಿನಲ್ಲಿ ಮಾತ್ರ
"ಬೇಡ" ಅಂದರು, ನಾನು ಮುಗಿಸುವ ಮೊದಲೇ.

ಎಂಬತ್ತು ರೂಪಾಯಿ. ಪುಸ್ತಕದಲ್ಲಿ ಸಹಿ ಮಾಡಿದರು,
ಹೆಸರಿನ ನಡುವೆ ಎರಡು ಮೂಲೆ, ಎರಡು ಸೂರು.
ಕಾರ್ಡನ್ನು ಮತ್ತೆ ಅಕ್ಕಿಯಲ್ಲೇ ಹೂಳಹೊರಟರು,
ನಾನೊಂದು ಕವರು ಕೊಟ್ಟೆ.
"ಅಕ್ಕಿ ಇನ್ನು ಕೋಳಿಗೆ" ಅಂದರು ಮೆಟ್ಟಿಲಿಳಿಯುತ್ತ,
ಡಬ್ಬಿಯನ್ನು ಕಿವಿಯ ಹತ್ತಿರ ಒಮ್ಮೆ ಅಲುಗಿಸಿ.